ಮೂರು ಸೆಂಟಿಮೀಟರ್ ಮಸೂರ ನಕ್ಷತ್ರದ ಬೆಳಕನ್ನು ಅಳೆಯಬಲ್ಲದೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಭೌತವಿಜ್ಞಾನ ಬೋಧಿಸುತ್ತೇನೆ. ನಮ್ಮ ಕೆಲವು ವಿದ್ಯಾರ್ಥಿಗಳು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನವರೊಡನೆ ಸೇರಿ, ನಕ್ಷತ್ರಗಳ ಬೆಳಕಿನ ಏರಿಳಿತವನ್ನು ಅಳೆಯುವ ಪುಟ್ಟ ಉಪಗ್ರಹವೊಂದನ್ನು ಕಟ್ಟಲು ಹೊರಟಿದ್ದಾರೆ. ಬ್ರೈಟ್ ಎಂಬ ಉಪಗ್ರಹಗಳು ಮೂರು ಸೆಂಟಿಮೀಟರ್ ಮಸೂರದಿಂದಲೇ ಈ ಕೆಲಸ ಮಾಡಿವೆ ಎಂದು ಅವರು ಓದಿದ್ದಾರೆ. ಆದರೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ತಮಿಳುನಾಡಿನ ಕಾವಲೂರಿನಲ್ಲಿ ಎರಡು ಮೀಟರಿಗಿಂತ ದೊಡ್ಡ ದೂರದರ್ಶಕವಿರುವಾಗ ಇಷ್ಟು ಸಣ್ಣ ಮಸೂರ ಹೊಸದಾಗಿ ಏನು ತಾನೇ ಹೇಳೀತು, ಇದೆಲ್ಲ ಪ್ರಚಾರದ ಮಾತು ಎನ್ನುತ್ತಾರೆ. ಇನ್ನೊಬ್ಬರು, ಮೇಲೆ ವಾತಾವರಣವೇ ಇಲ್ಲವಲ್ಲ, ಮೊಬೈಲ್ ಕ್ಯಾಮೆರಾವನ್ನೇ ಡಬ್ಬಿಯಲ್ಲಿಟ್ಟು ಹಾರಿಸಿದರೂ ಸಾಕು ಎನ್ನುತ್ತಾರೆ. ಆಡಳಿತ ಮಂಡಳಿ ಹಣ ಕೊಡಲು ಅರ್ಧ ಮನಸ್ಸು ಮಾಡಿದೆ. ಮೂರು ವರ್ಷ ದುಡಿದ ಮೇಲೆ ಏನೂ ಕೈಗೆ ಸಿಗದಿದ್ದರೆ ಮಕ್ಕಳಿಗೆ ಏನು ಹೇಳಲಿ ಎಂಬ ಅಳುಕು ನನಗೆ. ಏನು ಮಾಡುವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಇಷ್ಟು ಚಿಕ್ಕ ಉಪಕರಣದಿಂದ ನಕ್ಷತ್ರಗಳನ್ನು ನಿಜಕ್ಕೂ ಅಳೆಯಬಹುದೇ ಎಂಬುದು ಒಂದು. ಅದನ್ನು ನಿಮ್ಮ ವಿದ್ಯಾರ್ಥಿಗಳು ಈಗಲೇ ಕೈಗೆತ್ತಿಕೊಳ್ಳಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು. ಅದರಲ್ಲಿ ಪ್ರಚಾರವೇನೂ ಇಲ್ಲ. ಎರಡನೆಯದಕ್ಕೆ ಅಷ್ಟು ಚಿಕ್ಕ ಉತ್ತರವಿಲ್ಲ. ನಿಮ್ಮ ಸಹೋದ್ಯೋಗಿಗಳಿಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ, ಆದರೆ ಇಬ್ಬರೂ ಮಸೂರ ಮತ್ತು ವಾತಾವರಣವನ್ನೇ ಲೆಕ್ಕಕ್ಕೆ ಹಿಡಿದಿದ್ದಾರೆ. ಈ ಕೆಲಸದಲ್ಲಿ ವರ್ಷಗಳನ್ನು ನುಂಗಿಹಾಕುವುದು ಮೂರನೆಯದೊಂದು: ಉಪಗ್ರಹ ಅಲುಗದೆ ನಿಲ್ಲುವುದು.

ಬ್ರೈಟ್ ಉಪಗ್ರಹಗಳ ವಿವರವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅವುಗಳ ಕಥೆ ನಮ್ಮ ಪಕ್ಕದ ಶ್ರೀಹರಿಕೋಟಾದಿಂದಲೇ ಆರಂಭವಾಗುತ್ತದೆ. ಆಸ್ಟ್ರಿಯಾ, ಕೆನಡಾ ಮತ್ತು ಪೋಲೆಂಡ್ ದೇಶಗಳು ತಲಾ ಎರಡರಂತೆ ಆರು ಉಪಗ್ರಹಗಳನ್ನು ಕಟ್ಟಿದವು. ವಿಯೆನ್ನಾ ವಿಶ್ವವಿದ್ಯಾಲಯದ ಯೂನಿಬ್ರೈಟ್ ಮತ್ತು ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಬ್ರೈಟ್-ಆಸ್ಟ್ರಿಯಾ 2013ರ ಫೆಬ್ರವರಿ 25ರಂದು ಪಿಎಸ್‌ಎಲ್‌ವಿ-ಸಿ20 ರಾಕೆಟ್‌ನಲ್ಲಿ, ಸರಳ್ ಎಂಬ ಸಾಗರ ವೀಕ್ಷಣಾ ಉಪಗ್ರಹದ ಜೊತೆಗೆ ಮೇಲೇರಿದವು. ಪೋಲೆಂಡಿನ ಲೆಮ್ ಮತ್ತು ಹೆವೆಲಿಯುಶ್, ಕೆನಡಾದ ಟೊರಾಂಟೊ ಮತ್ತು ಮಾಂಟ್ರಿಯಲ್ 2013 ಮತ್ತು 2014ರಲ್ಲಿ ಬೇರೆ ರಾಕೆಟ್‌ಗಳಲ್ಲಿ ಹೋದವು. ಮಾಂಟ್ರಿಯಲ್ ರಾಕೆಟ್ಟಿನಿಂದ ಬೇರ್ಪಡಲೇ ಇಲ್ಲ. ಉಳಿದ ಐದು ಕೆಲಸ ಮಾಡಿದವು. ಪ್ರತಿಯೊಂದೂ ಇಪ್ಪತ್ತು ಸೆಂಟಿಮೀಟರ್ ಬದಿಯ ಘನ. ತೂಕ ಸುಮಾರು 7 ಕೆ.ಜಿ. ಒಳಗಿರುವ ದೂರದರ್ಶಕದ ಕಣ್ಣಿನ ಅಗಲ 3 ಸೆಂ.ಮೀ., ಅದು ಒಮ್ಮೆಗೆ ನೋಡುವ ಆಕಾಶದ ಅಗಲ ಸುಮಾರು 24 ಡಿಗ್ರಿ. ಎಂದರೆ ಇಡೀ ಮಹಾವ್ಯಾಧ ನಕ್ಷತ್ರಪುಂಜ ಒಂದೇ ಚಿತ್ರದಲ್ಲಿ ಕೂರುತ್ತದೆ. ಕೆಲವು ಉಪಗ್ರಹಗಳಿಗೆ ನೀಲಿ ಶೋಧಕ, ಕೆಲವಕ್ಕೆ ಕೆಂಪು ಶೋಧಕ. ಒಂದೇ ನಕ್ಷತ್ರವನ್ನು ಎರಡು ಬಣ್ಣಗಳಲ್ಲಿ ನೋಡಿದಾಗ, ಅದು ಬಿಸಿಯಾಗಿ ಬೆಳಗಿತೋ ಉಬ್ಬಿ ಬೆಳಗಿತೋ ಎಂಬುದನ್ನು ಬಿಡಿಸಿ ಹೇಳುವುದು ಸುಲಭವಾಗುತ್ತದೆ.

ಈಗ ಮಸೂರದ ಲೆಕ್ಕ. ಇದನ್ನು ತರಗತಿಯ ಕಪ್ಪುಹಲಗೆಯ ಮೇಲೆಯೇ ಮಾಡಬಹುದು. ಸೊನ್ನೆ ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ನಕ್ಷತ್ರವೊಂದರಿಂದ ಹಸಿರು-ಹಳದಿ ಬೆಳಕಿನಲ್ಲಿ, ಪ್ರತಿ ಚದರ ಸೆಂಟಿಮೀಟರಿಗೆ, ತರಂಗಾಂತರದಲ್ಲಿ ನ್ಯಾನೋಮೀಟರಿನ ಹತ್ತನೆಯ ಒಂದು ಭಾಗವಾದ ಪ್ರತಿ ಆಂಗ್‌ಸ್ಟ್ರಾಮಿಗೆ, ಸೆಕೆಂಡಿಗೆ ಸುಮಾರು ಸಾವಿರ ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು ಬರುತ್ತವೆ. ನಾಲ್ಕನೆಯ ಕಾಂತಿಮಾನದ ನಕ್ಷತ್ರ ಅದಕ್ಕಿಂತ ನಲವತ್ತು ಪಟ್ಟು ಮಂಕು, ಹಾಗಾಗಿ ಇಪ್ಪತ್ತೈದು ಫೋಟಾನ್‌ಗಳು. ಮೂರು ಸೆಂಟಿಮೀಟರ್ ಮಸೂರದ ವಿಸ್ತೀರ್ಣ ಏಳು ಚದರ ಸೆಂಟಿಮೀಟರ್. ಬ್ರೈಟ್‌ನ ಕೆಂಪು ಶೋಧಕ 550ರಿಂದ 700 ನ್ಯಾನೋಮೀಟರ್‌ವರೆಗೆ, ಅಂದರೆ 1500 ಆಂಗ್‌ಸ್ಟ್ರಾಮ್ ಅಗಲದ ಬೆಳಕನ್ನು ಒಳಗೆ ಬಿಡುತ್ತದೆ. ಗುಣಿಸಿದರೆ ಸೆಕೆಂಡಿಗೆ ಎರಡೂವರೆ ಲಕ್ಷ ಫೋಟಾನ್‌ಗಳು ಮಸೂರದ ಮೇಲೆ ಬೀಳುತ್ತವೆ. ಅದರಲ್ಲಿ ಐದನೆಯ ಒಂದು ಭಾಗ ಮಾತ್ರ ದಾಖಲಾಯಿತೆಂದುಕೊಂಡರೂ ಐವತ್ತು ಸಾವಿರ. ಎಣಿಕೆಯ ಸಹಜ ಏರುಪೇರು ಎಣಿಕೆಯ ವರ್ಗಮೂಲದಷ್ಟು, ಸುಮಾರು 224. ಎಂದರೆ ಒಂದು ಸೆಕೆಂಡಿನ ಒಂದು ಚಿತ್ರದಲ್ಲಿ ಶೇಕಡಾ ಅರ್ಧಕ್ಕಿಂತ ಕಡಿಮೆ ದೋಷ. ಉಪಗ್ರಹ ಭೂಮಿಯನ್ನು ಒಮ್ಮೆ ಸುತ್ತುವಷ್ಟರಲ್ಲಿ ಇಂತಹ ನಲವತ್ತು ಚಿತ್ರಗಳನ್ನು ತೆಗೆದು ಸರಾಸರಿ ಮಾಡಿದರೆ ದೋಷ ಹತ್ತು ಸಾವಿರದಲ್ಲಿ ಏಳು ಪಾಲಿಗೆ ಇಳಿಯುತ್ತದೆ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳಿಗೆ ಮೂರು ಸೆಂಟಿಮೀಟರ್ ಮಸೂರ ಸಾಲದು ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹತ್ತನೆಯ ಕಾಂತಿಮಾನದ ನಕ್ಷತ್ರವಾದರೆ ನಿಮ್ಮ ಹಿರಿಯ ಸಹೋದ್ಯೋಗಿಯ ಮಾತೇ ಸರಿ. ಅಲ್ಲಿ ಫೋಟಾನ್‌ಗಳು ಇನ್ನೂ 250 ಪಟ್ಟು ಕಡಿಮೆ. ಅದಕ್ಕೆ ದೊಡ್ಡ ಕನ್ನಡಿಯೇ ಬೇಕು.

ಹಾಗಾದರೆ ಕಾವಲೂರಿನ 2.34 ಮೀಟರ್ ವೇಣು ಬಾಪು ದೂರದರ್ಶಕ ಇದನ್ನೇ ಇನ್ನೂ ಚೆನ್ನಾಗಿ ಮಾಡಲಾರದೇ? ಒಂದೇ ಸೆಕೆಂಡಿನ ಪಂದ್ಯವಾದರೆ ಅದು ಸುಲಭವಾಗಿ ಸೋಲುವುದಿಲ್ಲ. ನಕ್ಷತ್ರ ಮಿನುಗುವುದು ವಾತಾವರಣದ ಮೇಲ್ಪದರಗಳಲ್ಲಿ ಬಿಸಿ-ತಣ್ಣನೆಯ ಗಾಳಿಯ ಸುಳಿಗಳು ಬೆಳಕನ್ನು ಒಮ್ಮೆ ಕೂಡಿಸಿ ಒಮ್ಮೆ ಚದುರಿಸುವುದರಿಂದ. ಚಿಕ್ಕ ಮಸೂರವನ್ನು ನೆಲದ ಮೇಲಿಟ್ಟರೆ ಒಂದು ಸೆಕೆಂಡಿನ ಅಳತೆ ಶೇಕಡಾ ಮೂರರಷ್ಟು ಅಲುಗಾಡುತ್ತದೆ. ದೊಡ್ಡ ಕನ್ನಡಿ ಅನೇಕ ಸುಳಿಗಳನ್ನು ಒಟ್ಟಿಗೆ ನೋಡುವುದರಿಂದ ಆ ಅಲುಗಾಟ ಶೇಕಡಾ 0.2ಕ್ಕೆ ಇಳಿಯುತ್ತದೆ. ಆದರೆ ಆರ್ದ್ರಾ ನಕ್ಷತ್ರದಂತಹ ಪ್ರಖರ ತಾರೆಯ ಕಡೆ ಅಷ್ಟು ದೊಡ್ಡ ಕನ್ನಡಿಯನ್ನು ತಿರುಗಿಸಿದರೆ ಕ್ಯಾಮೆರಾದ ಪಿಕ್ಸೆಲ್‌ಗಳು ಕ್ಷಣಮಾತ್ರದಲ್ಲಿ ತುಂಬಿ ಹರಿಯುತ್ತವೆ. ಹೋಲಿಸಿ ನೋಡಲು ಪಕ್ಕದಲ್ಲಿ ಅಷ್ಟೇ ಪ್ರಖರವಾದ ಇನ್ನೊಂದು ತಾರೆ ಅದರ ಕಿರಿದಾದ ನೋಟದೊಳಗೆ ಸಿಗುವುದೂ ಇಲ್ಲ. ಇವೆರಡಕ್ಕೂ ಉಪಾಯಗಳಿವೆ ಎಂದೇ ಇಟ್ಟುಕೊಳ್ಳೋಣ. ಉಪಾಯವಿಲ್ಲದ್ದು ಹಗಲು.

ಈ ಹಗಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಾಹ್ಯಾಕಾಶಕ್ಕೆ ಹೋಗಲು ನಿಜವಾದ ಕಾರಣ ಅದರಲ್ಲಿದೆ. ಅನೇಕ ನಕ್ಷತ್ರಗಳು ಘಂಟೆಯಂತೆ ಅನುರಣಿಸುತ್ತವೆ. ಅವುಗಳ ಮೇಲ್ಮೈ ಕೆಲವು ಗಂಟೆಗಳಿಂದ ಕೆಲವು ದಿನಗಳ ಅವಧಿಯಲ್ಲಿ, ಒಂದರ ಮೇಲೊಂದು ಹತ್ತಾರು ಲಯಗಳಲ್ಲಿ ಉಬ್ಬಿ ಇಳಿಯುತ್ತದೆ. ಈ ಲಯಗಳನ್ನು ಬೇರ್ಪಡಿಸಿದರೆ ನಕ್ಷತ್ರದ ಒಳರಚನೆ ತಿಳಿಯುತ್ತದೆ. ಒಂದೇ ಊರಿನ ವೀಕ್ಷಣಾಲಯದಿಂದ ರಾತ್ರಿ ಮಾತ್ರ ನೋಡಿದರೆ, ಪ್ರತಿ 24 ಗಂಟೆಗೊಮ್ಮೆ ಹಗಲಿನ ಕತ್ತರಿ ಬಿದ್ದು, ಪ್ರತಿಯೊಂದು ನಿಜವಾದ ಲಯದ ಅಕ್ಕಪಕ್ಕದಲ್ಲಿ ದಿನಕ್ಕೊಂದು ಆವರ್ತನದಷ್ಟು ದೂರದಲ್ಲಿ ಸುಳ್ಳು ಲಯಗಳು ಹುಟ್ಟುತ್ತವೆ. ಹತ್ತು ನಿಜಗಳ ನಡುವೆ ಇಪ್ಪತ್ತು ಸುಳ್ಳುಗಳು ಕುಳಿತರೆ ವಿಶ್ಲೇಷಣೆ ಕುಸಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡವನ್ನು ನಾನಿಲ್ಲಿ ಸೇರಿಸಿಲ್ಲ. ಯಾವ ಸಮಿತಿಯೂ ಎರಡು ಮೀಟರ್ ದೂರದರ್ಶಕವನ್ನು ಒಂದೇ ನಕ್ಷತ್ರಕ್ಕೆ ಆರು ತಿಂಗಳು ಒಪ್ಪಿಸುವುದಿಲ್ಲ. ಬ್ರೈಟ್ ಉಪಗ್ರಹ ಮಾತ್ರ ಒಂದೇ ಆಕಾಶಭಾಗವನ್ನು ಪ್ರತಿ ನೂರು ನಿಮಿಷಕ್ಕೊಮ್ಮೆ, ಗರಿಷ್ಠ 180 ದಿನಗಳವರೆಗೆ ನೋಡುತ್ತಲೇ ಇರಬಲ್ಲದು. ಅಲ್ಲಿಯೂ ಸುಳ್ಳು ಲಯಗಳಿವೆ, ಆದರೆ ಅವು ದಿನಕ್ಕೆ ಹದಿನಾಲ್ಕು ಆವರ್ತನಗಳಷ್ಟು ದೂರದಲ್ಲಿ ಕೂರುತ್ತವೆ. ಈ ನಕ್ಷತ್ರಗಳ ನಿಜವಾದ ಲಯಗಳ ದಾರಿಗೆ ಅಡ್ಡ ಬರುವುದು ಅಪರೂಪ.

ಇಷ್ಟಾದ ಮೇಲೆ ಎರಡನೆಯ ಸಹೋದ್ಯೋಗಿಯ ಮಾತು. ವಾತಾವರಣವಿಲ್ಲ, ಆದ್ದರಿಂದ ಅಳತೆ ತಾನಾಗಿಯೇ ಶುದ್ಧ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಅನುಭವಿ ಎಂಜಿನಿಯರ್‌ಗಳಲ್ಲೂ ಇದೆ. ಬಾಹ್ಯಾಕಾಶ ಒಂದು ತೊಂದರೆಯನ್ನು ತೆಗೆದುಕೊಂಡು ನಾಲ್ಕನ್ನು ಕೊಡುತ್ತದೆ.

ಮೊದಲನೆಯದು ಅಲುಗಾಟ. ಕ್ಯಾಮೆರಾದ ಎರಡು ಪಿಕ್ಸೆಲ್‌ಗಳು ಒಂದೇ ಬೆಳಕಿಗೆ ಒಂದೇ ಉತ್ತರ ಕೊಡುವುದಿಲ್ಲ. ಒಂದೇ ಪಿಕ್ಸೆಲ್‌ನ ನಡುವೆ ಮತ್ತು ಅಂಚಿನಲ್ಲಿ ಕೂಡ ಸಂವೇದನೆ ಬೇರೆ. ನಕ್ಷತ್ರದ ಚುಕ್ಕೆ ಪಿಕ್ಸೆಲ್‌ಗಳ ಮೇಲೆ ಅತ್ತಿತ್ತ ಸರಿದರೆ, ನಕ್ಷತ್ರ ಬದಲಾಗದಿದ್ದರೂ ಅಳತೆ ಬದಲಾಗುತ್ತದೆ. ಆಧಾರಕ್ಕೆ ನೆಲವಿಲ್ಲದ ಏಳು ಕಿಲೋ ಡಬ್ಬಿಯನ್ನು ಭೂಮಿಯ ಕಾಂತಕ್ಷೇತ್ರ, ಸೂರ್ಯನ ಬೆಳಕಿನ ಒತ್ತಡ, ತನ್ನೊಳಗೇ ತಿರುಗುವ ಚಕ್ರಗಳ ಅದುರಾಟ ಸದಾ ತಿರುಗಿಸುತ್ತಿರುತ್ತವೆ. ಬ್ರೈಟ್ ಉಪಗ್ರಹಗಳಲ್ಲಿ ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯುವ ಸಂವೇದಕವೂ, ವೇಗ ಬದಲಿಸಿ ಡಬ್ಬಿಯನ್ನು ತಿರುಗಿಸುವ ಮೂರು ರಿಯಾಕ್ಷನ್ ವೀಲ್‌ಗಳೂ ಇವೆ. ಆದರೂ ಅವು ಗುರಿಯನ್ನು ಹಿಡಿದಿಡುವುದು ಸುಮಾರು ಒಂದು ಆರ್ಕ್ ನಿಮಿಷದೊಳಗೆ (ಡಿಗ್ರಿಯ ಅರವತ್ತನೆಯ ಒಂದು ಭಾಗ), ಅಂದರೆ ಚುಕ್ಕೆ ಎರಡು ಪಿಕ್ಸೆಲ್‌ಗಳಷ್ಟು ಓಲಾಡುತ್ತದೆ. ಅದಕ್ಕಾಗಿ ವಿನ್ಯಾಸಕಾರರು ಚಿತ್ರವನ್ನು ಬೇಕೆಂದೇ ಮಸುಕಾಗಿಸಿ, ಬೆಳಕನ್ನು ಅನೇಕ ಪಿಕ್ಸೆಲ್‌ಗಳ ಮೇಲೆ ಹರಡಿಬಿಟ್ಟರು. ಛಾಯಾಗ್ರಾಹಕರು ಕೇಳಿದರೆ ನಕ್ಕಾರು, ಆದರೆ ಅಳೆಯುವವನಿಗೆ ಚೂಪಾದ ಚಿತ್ರಕ್ಕಿಂತ ಹರಡಿದ ಚಿತ್ರವೇ ಮೇಲು.

ಎರಡನೆಯದು ವಿಕಿರಣ. ವೇಗದ ಪ್ರೋಟಾನ್‌ಗಳು ಸಿಲಿಕಾನ್ ಹರಳಿಗೆ ಬಡಿದಾಗ ಕೆಲವು ಪಿಕ್ಸೆಲ್‌ಗಳು ಶಾಶ್ವತವಾಗಿ ಕೆಡುತ್ತವೆ. ಬೆಳಕಿಲ್ಲದಿದ್ದರೂ ಅವು ಹೊಳೆಯುತ್ತಲೇ ಇರುತ್ತವೆ. ಇವನ್ನು ಬಿಸಿ ಪಿಕ್ಸೆಲ್‌ಗಳು ಎನ್ನುತ್ತಾರೆ. ಬ್ರೈಟ್‌ನ ಸಿಸಿಡಿಯನ್ನು, ಎಂದರೆ ಬೆಳಕನ್ನು ದಾಖಲಿಸುವ ಚಿಪ್ಪನ್ನು, ತಣ್ಣಗಿಡುವ ವ್ಯವಸ್ಥೆ ಇಷ್ಟು ಚಿಕ್ಕ ಡಬ್ಬಿಯಲ್ಲಿ ಇರಲಿಲ್ಲವಾದ್ದರಿಂದ ತೊಂದರೆ ಬೇಗನೆ ಬೆಳೆಯಿತು. ಇದಕ್ಕೆ ತಂಡ ಕಂಡುಕೊಂಡ ಉಪಾಯ ನನಗೆ ಇಂದಿಗೂ ಮೆಚ್ಚುಗೆಯದು: ಎರಡು ಚಿತ್ರಗಳ ನಡುವೆ ಇಡೀ ಉಪಗ್ರಹವನ್ನೇ ಸ್ವಲ್ಪ ತಿರುಗಿಸಿ, ನಕ್ಷತ್ರವನ್ನು ಒಮ್ಮೆ ಚಿತ್ರದಲ್ಲಿ ಅದಕ್ಕೆಂದಿಟ್ಟ ಚೌಕದ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ಬೀಳಿಸಿದರು. ಒಂದು ಚಿತ್ರದಿಂದ ಇನ್ನೊಂದನ್ನು ಕಳೆದರೆ, ಎರಡರಲ್ಲೂ ಒಂದೇ ಜಾಗದಲ್ಲಿರುವ ಬಿಸಿ ಪಿಕ್ಸೆಲ್‌ಗಳು ಅಳಿಸಿಹೋಗಿ, ಜಾಗ ಬದಲಿಸಿದ ನಕ್ಷತ್ರ ಮಾತ್ರ ಉಳಿಯುತ್ತದೆ. ಉಡಾವಣೆಯಾದ ಮೇಲೆ, ಕೈಯಿಂದ ಮುಟ್ಟಲಾಗದ ಉಪಕರಣವನ್ನು ಬರೀ ಆದೇಶಗಳಿಂದ ರಿಪೇರಿ ಮಾಡಿದ ಹಾಗಾಯಿತು. ಇದು ಸಾಧ್ಯವಾದದ್ದು ಅವರ ದಿಕ್ಕು ನಿಯಂತ್ರಣ ವ್ಯವಸ್ಥೆ ಗಟ್ಟಿಯಾಗಿದ್ದುದರಿಂದ ಎಂಬುದನ್ನು ನಿಮ್ಮ ತಂಡ ಗಮನಿಸಬೇಕು.

ಉಷ್ಣತೆಯ ಏರಿಳಿತ ಮತ್ತು ಭೂಮಿಯಿಂದ ಚದುರಿ ಬರುವ ಬೆಳಕು ಉಳಿದೆರಡು. ಪ್ರತಿ ಸುತ್ತಿನಲ್ಲೂ ಇವು ಲಯಬದ್ಧವಾಗಿ ಬರುವುದರಿಂದ ನಕ್ಷತ್ರದ್ದೇ ಲಯವೆಂದು ಮೋಸಹೋಗುವುದು ಸುಲಭ. ಇವುಗಳ ಜೊತೆಗೆ ಮಾಹಿತಿಯನ್ನು ಕೆಳಗಿಳಿಸುವ ತಾಪತ್ರಯವನ್ನೂ ಸೇರಿಸಿಕೊಳ್ಳಿ. ಬ್ರೈಟ್‌ನ ಪೂರ್ಣ ಚಿತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 32 ಕಿಲೋಬಿಟ್ ವೇಗದಲ್ಲಿ ಅಂತಹ ಒಂದೇ ಚಿತ್ರವನ್ನು ಕಳಿಸಲು ಎಂಬತ್ತು ನಿಮಿಷ ಬೇಕು, ಉಪಗ್ರಹವೋ ಒಂದು ಸಲಕ್ಕೆ ನಿಮ್ಮ ತಲೆಯ ಮೇಲೆ ಇರುವುದು ಹತ್ತು ನಿಮಿಷ. ಆದ್ದರಿಂದಲೇ ಆಯ್ದ ಹದಿನೈದು-ಮೂವತ್ತು ನಕ್ಷತ್ರಗಳ ಸುತ್ತಲಿನ ಪುಟ್ಟ ಚೌಕಗಳನ್ನು ಮಾತ್ರ ಕೆಳಗೆ ಕಳಿಸಿ, ಉಳಿದ ಆಕಾಶವನ್ನು ಅಲ್ಲಿಯೇ ಎಸೆದುಬಿಡುತ್ತಾರೆ.

ಹೀಗೆ ಎಸೆಯುವಾಗಲೂ ಅದೃಷ್ಟ ಕೈಹಿಡಿದ ಒಂದು ಪ್ರಸಂಗವಿದೆ. 2018ರ ಮಾರ್ಚ್‌ನಲ್ಲಿ ದಕ್ಷಿಣಾಕಾಶದ ಕರೀನಾ ಪುಂಜವನ್ನು ನೋಡುತ್ತಿದ್ದಾಗ, ಒಂದು ಕೆಂಪು ದೈತ್ಯ ನಕ್ಷತ್ರಕ್ಕೆಂದು ತೆರೆದಿಟ್ಟ ಚೌಕದೊಳಗೇ ಒಂದು ನೋವಾ, ಎಂದರೆ ಶ್ವೇತಕುಬ್ಜವೆಂಬ ಪುಟ್ಟ ಸತ್ತ ನಕ್ಷತ್ರದ ಮೇಲ್ಮೈಯ ಸ್ಫೋಟ, ಸಿಡಿಯಿತು. ವಿ906 ಕರೀನೇ ಎಂದು ಹೆಸರಾದ ಆ ಸ್ಫೋಟದ ಬೆಳಕನ್ನು ಬ್ರೈಟ್ ವಾರಗಟ್ಟಲೆ ಎಡೆಬಿಡದೆ ದಾಖಲಿಸಿತು. ಅದರ ಏರಿಳಿತಗಳನ್ನು ಫರ್ಮಿ ದೂರದರ್ಶಕ ಕಂಡ ಗಾಮಾ ಕಿರಣಗಳ ಏರಿಳಿತಗಳ ಪಕ್ಕದಲ್ಲಿಟ್ಟಾಗ ಎರಡೂ ಒಟ್ಟೊಟ್ಟಿಗೆ ಏರಿ ಇಳಿದಿದ್ದವು. ನೋವಾದ ಬೆಳಕಿನ ದೊಡ್ಡ ಪಾಲು ಬಿಸಿಯಾದ ಶ್ವೇತಕುಬ್ಜದಿಂದ ನೇರವಾಗಿ ಬರುವುದಲ್ಲ, ಹೊರಚಿಮ್ಮಿದ ಅನಿಲದ ಅಲೆಗಳು ಒಂದಕ್ಕೊಂದು ಡಿಕ್ಕಿಹೊಡೆದ ಆಘಾತಗಳಿಂದ ಹುಟ್ಟುವುದು ಎಂಬುದಕ್ಕೆ ಅದು ಬಲವಾದ ಸಾಕ್ಷಿಯಾಯಿತು. ನಿಮ್ಮ ಹಿರಿಯ ಸಹೋದ್ಯೋಗಿಯ "ಹೊಸದಾಗಿ ಏನು ಹೇಳೀತು" ಎಂಬ ಪ್ರಶ್ನೆಗೆ ಇದೊಂದೇ ಉದಾಹರಣೆ ಸಾಕು.

ಅಲುಗದೆ ನಿಲ್ಲುವುದರ ಬೆಲೆ ಎಷ್ಟೆಂದು ತಿಳಿಯಲು ಇನ್ನೆರಡು ಪುಟ್ಟ ಉಪಗ್ರಹಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಮತ್ತು ಎಂಐಟಿ ಸೇರಿ ಮಾಡಿದ ಆಸ್ಟೀರಿಯಾ ಸುಮಾರು ಹತ್ತು ಕಿಲೋ ತೂಕದ, ಹತ್ತು ಸೆಂಟಿಮೀಟರ್ ಘನಗಳನ್ನು ಜೋಡಿಸಿದಂತಿರುವ ಕ್ಯೂಬ್‌ಸ್ಯಾಟ್. 2017ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಿತ್ತು. ಅದರಲ್ಲಿ ಚಕ್ರಗಳ ಹಿಡಿತಕ್ಕೆ ಸಿಗದ ಸಣ್ಣ ನಡುಕವನ್ನು ಸರಿಪಡಿಸಲು, ಕ್ಯಾಮೆರಾದ ಚಿಪ್ಪನ್ನೇ ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೋ ಹರಳುಗಳ ಮೇಲೆ ಕೂರಿಸಿ ಕ್ಷಣಕ್ಷಣಕ್ಕೂ ಸರಿಸುವ ವ್ಯವಸ್ಥೆಯಿತ್ತು. ಇಪ್ಪತ್ತು ನಿಮಿಷಗಳ ಕಾಲ ಅದು ಅರ್ಧ ಆರ್ಕ್ ಸೆಕೆಂಡಿನೊಳಗೆ ನಿಂತಿತು. ಎರಡು ರೂಪಾಯಿ ನಾಣ್ಯವೊಂದನ್ನು ಹತ್ತು ಕಿಲೋಮೀಟರ್ ದೂರದಿಂದ ನೋಡಿದರೆ ಕಾಣುವಷ್ಟು ಕೋನ ಅದು. ಚಿಪ್ಪಿನ ಉಷ್ಣತೆಯನ್ನು ಒಂದು ಡಿಗ್ರಿಯ ನೂರನೆಯ ಭಾಗದೊಳಗೆ ಹಿಡಿದಿಟ್ಟಿತು. ಹೀಗೆ ನಿಂತದ್ದರಿಂದ, ಕರ್ಕಾಟಕ ಪುಂಜದ 55 ಕ್ಯಾನ್ಕ್ರಿ ನಕ್ಷತ್ರದ ಮುಂದೆ ಅದರ ಒಂದು ಗ್ರಹ ಹಾದುಹೋದಾಗ ಆಗುವ ಹತ್ತು ಸಾವಿರಕ್ಕೆ ನಾಲ್ಕು ಪಾಲಿನಷ್ಟು ಮಬ್ಬನ್ನು ಅದು ಗುರುತಿಸಿತು. ಇದನ್ನೂ ಅಳತೆ ಮೀರಿ ಹೊಗಳಬೇಕಿಲ್ಲ: ಗ್ರಹ ಮೊದಲೇ ಗೊತ್ತಿದ್ದದ್ದು, ಹಾದುಹೋಗುವ ಸಮಯವೂ ಗೊತ್ತಿದ್ದದ್ದು, ಸಿಕ್ಕ ಸುಳಿವು ದೋಷದ ಅಂಚಿಗಿಂತ ಸ್ವಲ್ಪವೇ ಮೇಲಿತ್ತು.

ಇನ್ನೊಂದು ಪಿಕ್‌ಸ್ಯಾಟ್. ಪ್ಯಾರಿಸ್ ವೀಕ್ಷಣಾಲಯದವರು ಕಟ್ಟಿದ, ಅಂತಹ ಮೂರು ಘನಗಳನ್ನು ಒಂದರ ಮೇಲೊಂದು ಇಟ್ಟಷ್ಟು ಗಾತ್ರದ ಈ ಉಪಗ್ರಹ 2018ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ40ರಲ್ಲಿ ಶ್ರೀಹರಿಕೋಟಾದಿಂದಲೇ ಹೋಯಿತು. ನಮ್ಮ ದಕ್ಷಿಣ ದಿಗಂತದಲ್ಲಿ ಅಗಸ್ತ್ಯ ನಕ್ಷತ್ರದ ಸಮೀಪವಿರುವ ಬೀಟಾ ಪಿಕ್ಟೋರಿಸ್ ಎಂಬ ಒಂದೇ ತಾರೆಯನ್ನು, ಐದು ಸೆಂಟಿಮೀಟರ್ ಕನ್ನಡಿಯಿಂದ ಕಾಯುವುದು ಅದರ ಕೆಲಸ. ತಾರೆಯ ಬೆಳಕನ್ನು ಕೂದಲಿಗಿಂತ ತೆಳ್ಳನೆಯ ಆಪ್ಟಿಕಲ್ ಫೈಬರಿನ ತುದಿಯೊಳಗೆ ತೂರಿಸಬೇಕಿತ್ತು. ಕಲ್ಪನೆ ಸೊಗಸಾಗಿತ್ತು, ತಂಡ ಸಮರ್ಥವಾಗಿತ್ತು. ಹತ್ತು ವಾರ ತುಂಬುವ ಮೊದಲೇ, ಮಾರ್ಚ್ 20ರಂದು ಸಂಪರ್ಕ ಕಡಿದುಹೋಯಿತು. ಜಗತ್ತಿನಾದ್ಯಂತ ಹವ್ಯಾಸಿ ರೇಡಿಯೋದವರು ಕಿವಿಗೊಟ್ಟು ಕಾದರೂ ಅದು ಮತ್ತೆ ಮಾತಾಡಲಿಲ್ಲ. ನಿಮ್ಮ ಅಳುಕು ಆಧಾರವಿಲ್ಲದ್ದೇನಲ್ಲ.

ಮೊಬೈಲ್ ಕ್ಯಾಮೆರಾದ ಸಲಹೆಯ ಬಗ್ಗೆ ಇಷ್ಟು ಹೇಳಿದರೆ ಸಾಕು. ಅದರ ಚಿಪ್ಪು ಕೆಟ್ಟದ್ದೇನಲ್ಲ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ಸುಲಭಬೆಲೆಯ ರಾಸ್ಪ್‌ಬೆರಿ ಪೈ ಕಂಪ್ಯೂಟರನ್ನೇ ಮಿದುಳಾಗಿಟ್ಟು ಸ್ಟಾರ್‌ಬೆರಿಸೆನ್ಸ್ ಎಂಬ ನಕ್ಷತ್ರ ಸಂವೇದಕವನ್ನು ಮಾಡಿ 2023ರ ಏಪ್ರಿಲ್ 22ರಂದು ಪಿಎಸ್‌ಎಲ್‌ವಿ-ಸಿ55ರಲ್ಲಿ ಹಾರಿಸಿದ್ದಾರೆ. ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಗೆ ಬಾಹ್ಯಾಕಾಶದಲ್ಲಿ ಜಾಗವಿದೆ. ಆದರೆ ಮೊಬೈಲ್ ತಂತ್ರಾಂಶ ಚಿತ್ರವನ್ನು ಕಣ್ಣಿಗೆ ಚೆಂದಗಾಣಿಸಲು ಬೆಳಕಿನ ಅಂಕಿಗಳನ್ನು ತಿದ್ದಿಬಿಡುತ್ತದೆ. ಫೋಟಾನ್‌ಗಳಿಗೂ ಅಂಕಿಗಳಿಗೂ ನೇರ ಅನುಪಾತ ತಪ್ಪಿದ ಮೇಲೆ ಅದು ಚಿತ್ರವಾದೀತು, ಅಳತೆಯಾಗದು.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ. ಸ್ವಂತ ಉಪಗ್ರಹ ಕಟ್ಟುವುದು ಅತ್ಯಂತ ಆಕರ್ಷಕವೂ ಅತ್ಯಂತ ಅಪಾಯದ್ದೂ ಆದ ದಾರಿ. ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಅದು ಹೊಸದಲ್ಲ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಹಗುರವಾದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಕಕ್ಷೆ ಸೇರಿತು. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪಿಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಹೋಯಿತು. ಆದರೆ ಇವೆರಡರ ಕ್ಯಾಮೆರಾಗಳು ಭೂಮಿಯ ಕಡೆ ಮುಖಮಾಡಿದ್ದವು. ಭೂಮಿಯ ಚಿತ್ರ ತೆಗೆಯಲು ಒಂದು ಕ್ಷಣ ಸರಿಯಾಗಿ ತಿರುಗಿದ್ದರೆ ಸಾಕು. ನಕ್ಷತ್ರವನ್ನು ಅಳೆಯಲು ತಿಂಗಳುಗಟ್ಟಲೆ, ದಿನಕ್ಕೆ ಹದಿನಾಲ್ಕು ಬಾರಿ, ಅದೇ ಜಾಗಕ್ಕೆ ಬಂದು ನಿಲ್ಲಬೇಕು. ನಾನು ಸಲಹೆಗಾರನಾಗಿದ್ದ ಒಂದು ವಿದ್ಯಾರ್ಥಿ ತಂಡ ಎರಡು ವರ್ಷ ಕ್ಯಾಮೆರಾವನ್ನು ತಿದ್ದಿ ತೀಡಿ, ದಿಕ್ಕು ನಿಯಂತ್ರಣವನ್ನು ಕೊನೆಯ ನಾಲ್ಕು ತಿಂಗಳಿಗೆ ಬಿಟ್ಟಿತ್ತು. ಗಾಳಿಯ ಮೆತ್ತೆಯ ಮೇಲೆ ತೇಲಿಸಿ ಪರೀಕ್ಷಿಸಿದ ದಿನವೇ ಉಪಗ್ರಹ ಐದು ಡಿಗ್ರಿ ಅತ್ತ, ಐದು ಡಿಗ್ರಿ ಇತ್ತ ಓಲಾಡತೊಡಗಿತು. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಕ್ಯಾಮೆರಾದ ಫಲಿತಾಂಶಗಳನ್ನು ನೋಡಿ ಖುಷಿಪಡುತ್ತ ನಾನೂ ಚಕ್ರಗಳ ಬಗ್ಗೆ ಕೇಳಿರಲಿಲ್ಲ. ಇದಲ್ಲದೆ ಸರ್ಕಾರೇತರ ಬಾಹ್ಯಾಕಾಶ ಕೆಲಸಗಳಿಗೆ ಒಪ್ಪಿಗೆ ಕೊಡುವ ಕೇಂದ್ರ ಸಂಸ್ಥೆ ಇನ್-ಸ್ಪೇಸ್‌ನ ಅನುಮತಿ, ದೂರಸಂಪರ್ಕ ಇಲಾಖೆಯಿಂದ ರೇಡಿಯೋ ತರಂಗದ ಪರವಾನಗಿ, ಅವಧಿ ಮುಗಿದ ಮೇಲೆ ಉಪಗ್ರಹ ಕಸವಾಗಿ ಉಳಿಯದಂತೆ ಮಾಡುವ ಯೋಜನೆ, ಇವೆಲ್ಲ ಬೇಕು. ಮೂರು ವರ್ಷದ ಪದವಿಯಲ್ಲಿ ಆರಂಭಿಸಿದವರು ಉಡಾವಣೆಯ ಹೊತ್ತಿಗೆ ಕಾಲೇಜಿನಲ್ಲಿ ಇರುವುದಿಲ್ಲ ಎಂಬುದನ್ನೂ ಆಡಳಿತ ಮಂಡಳಿಗೆ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಎರಡನೆಯ ದಾರಿ, ಉಪಗ್ರಹದ ಬದಲು ಉಪಕರಣವನ್ನು ಮಾತ್ರ ಕಟ್ಟುವುದು. ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತ ಉಪಗ್ರಹಗಳನ್ನು ಇಳಿಸಿದ ಮೇಲೂ ಕಕ್ಷೆಯಲ್ಲಿ ಉಳಿಯುತ್ತದೆ. ಅದನ್ನೇ ಪೋಯೆಮ್ ಎಂಬ ಹೆಸರಿನಲ್ಲಿ ಪ್ರಯೋಗಗಳ ವೇದಿಕೆಯಾಗಿ ಇಸ್ರೋ ಬಳಸುತ್ತಿದೆ. ಮೇಲೆ ಹೇಳಿದ ಸ್ಟಾರ್‌ಬೆರಿಸೆನ್ಸ್ ಹೋದದ್ದೂ ಇದರ ಮೇಲೆಯೇ. ವಿದ್ಯುತ್ತು, ಸಂಪರ್ಕ, ದಿಕ್ಕು ಎಲ್ಲವನ್ನೂ ವೇದಿಕೆಯೇ ನೋಡಿಕೊಳ್ಳುವುದರಿಂದ ನಿಮ್ಮ ಹೊರೆ ಬಹಳ ಇಳಿಯುತ್ತದೆ. ಆದರೆ ಆ ವೇದಿಕೆ ನಿಮ್ಮೊಬ್ಬರ ನಕ್ಷತ್ರಕ್ಕಾಗಿ ತಿಂಗಳುಗಟ್ಟಲೆ ಅಲುಗದೆ ನಿಲ್ಲುವುದಿಲ್ಲ. ನಿಮ್ಮ ಕ್ಯಾಮೆರಾ ವಿಕಿರಣವನ್ನು ಹೇಗೆ ತಾಳಿಕೊಳ್ಳುತ್ತದೆ, ಬಿಸಿ ಪಿಕ್ಸೆಲ್‌ಗಳು ಎಷ್ಟು ಬೇಗ ಹುಟ್ಟುತ್ತವೆ ಎಂಬುದನ್ನು ಅಲ್ಲಿ ಪರೀಕ್ಷಿಸಬಹುದು. ನಕ್ಷತ್ರದ ಲಯವನ್ನು ಅಳೆಯುತ್ತೇವೆಂದು ಯಾರಿಗೂ ಮಾತುಕೊಡಬೇಡಿ.

ಮೂರನೆಯದು, ಈಗಾಗಲೇ ಹಾರಿದವರ ಅಳತೆಗಳನ್ನು ಬಳಸುವುದು. ಬ್ರೈಟ್‌ನ ಅಳತೆಗಳು ವಾರ್ಸಾದ ನಿಕೊಲಾಸ್ ಕೊಪರ್ನಿಕಸ್ ಖಗೋಳ ಕೇಂದ್ರದ ಸಾರ್ವಜನಿಕ ಭಂಡಾರದಲ್ಲಿವೆ. 2018ರಲ್ಲಿ ಹಾರಿದ ನಾಸಾದ ಟೆಸ್ ದೂರದರ್ಶಕದ ಅಳತೆಗಳೂ ಎಲ್ಲರಿಗೂ ತೆರೆದಿವೆ. ಟೆಸ್ ಇರುವಾಗ ಬ್ರೈಟ್ ಏಕೆ ಎಂದು ಯಾರಾದರೂ ಕೇಳಿದರೆ, ಟೆಸ್ ಒಂದು ಆಕಾಶಭಾಗವನ್ನು ಒಮ್ಮೆಗೆ ಸುಮಾರು 27 ದಿನ ಮಾತ್ರ, ಒಂದೇ ಅಗಲವಾದ ಬಣ್ಣದಲ್ಲಿ ನೋಡುತ್ತದೆ ಎಂದು ಹೇಳಿ. ಈ ದಾರಿಯಲ್ಲಿ ಖರ್ಚು ಒಂದು ಕಂಪ್ಯೂಟರಿನದು ಮಾತ್ರ. ಅಪಾಯವೆಂದರೆ ವಿದ್ಯಾರ್ಥಿಗಳಿಗೆ ಇದು ಸಪ್ಪೆ ಎನಿಸಬಹುದು, ತಾವು ಕಟ್ಟಲಿಲ್ಲವಲ್ಲ ಎಂಬ ಕೊರಗು ಉಳಿಯಬಹುದು.

ಆ ಕೊರಗಿಗೆ ನಾಲ್ಕನೆಯ ದಾರಿ ಮದ್ದು: ನೆಲದ ಮೇಲೆಯೇ ಡಿಎಸ್‌ಎಲ್‌ಆರ್ ಕ್ಯಾಮೆರಾ, ಟ್ರೈಪಾಡ್, 50 ಮಿಲಿಮೀಟರ್ ಮಸೂರ. ಬ್ರೈಟ್ ಮಾಡಿದಂತೆ ಚಿತ್ರವನ್ನು ಬೇಕೆಂದೇ ಮಸುಕಾಗಿಸಿ, ಕಚ್ಚಾ ಕಡತದ ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ತೆಗೆದುಕೊಂಡು, ಹತ್ತಿಪ್ಪತ್ತು ಚಿತ್ರಗಳನ್ನು ಸರಾಸರಿ ಮಾಡಿದರೆ ಎರಡು ಶತಾಂಶ ಕಾಂತಿಮಾನದ ನಿಖರತೆ ಸಿಗುತ್ತದೆ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಆರ್ದ್ರಾ ನಕ್ಷತ್ರ ಸುಮಾರು 0.5ರಿಂದ 1.6ರವರೆಗೆ ಮಂಕಾಗಿ ಜಗತ್ತಿನ ಗಮನ ಸೆಳೆದಾಗ ಇಂತಹ ಸಲಕರಣೆಯೇ ಸಾಕಷ್ಟಿತ್ತು. ಆರ್ದ್ರಾ ನಮಗೆ ಸಂಜೆಯ ಆಕಾಶದಲ್ಲಿ ಸಿಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ನಿಮ್ಮ ಜಿಲ್ಲೆಯ ಆಕಾಶ ಅತಿ ಸ್ವಚ್ಛವಾಗಿರುವ ತಿಂಗಳುಗಳಲ್ಲಿ. ಹೋಲಿಕೆಗೆ ರೋಹಿಣಿಯನ್ನು ಇಟ್ಟುಕೊಳ್ಳಿ. ಎರಡೂ ಕೆಂಪಾದ್ದರಿಂದ ಬಣ್ಣದ ದೋಷ ಕಡಿಮೆ. ರೋಹಿಣಿಯೂ ಕೊಂಚ ಏರಿಳಿಯುವ ತಾರೆ, ಆದರೆ ಅದರ ಏರಿಳಿತ ನಿಮ್ಮ ಕ್ಯಾಮೆರಾದ ದೋಷದೊಳಗೇ ಅಡಗುತ್ತದೆ.

ನನ್ನನ್ನು ಕೇಳಿದರೆ ಈ ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಏರಬೇಕು. ಮೊದಲ ವರ್ಷ ಕ್ಯಾಮೆರಾ ಮತ್ತು ಭಂಡಾರದ ಅಳತೆಗಳು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದೇ ವರ್ಷ ಕ್ಯಾಮೆರಾವನ್ನು ಮುಟ್ಟದೆ, ಒಂದು ಚಕ್ರ ಮತ್ತು ಒಂದು ಸಂವೇದಕದಿಂದ ಮೇಜಿನ ಮೇಲೆ ತೂಗುಬಿಟ್ಟ ಡಬ್ಬಿಯೊಂದನ್ನು ಅಲುಗದಂತೆ ನಿಲ್ಲಿಸಲಿ. ಆ ಡಬ್ಬಿ ಒಂದು ಆರ್ಕ್ ನಿಮಿಷದೊಳಗೆ ನಿಂತ ದಿನ ಉಪಗ್ರಹದ ಮಾತನ್ನು ಆಡಳಿತ ಮಂಡಳಿಯ ಮುಂದೆ ಮತ್ತೆ ಎತ್ತಿ. ಅಲ್ಲಿಯವರೆಗೆ ಅವರ ಅರ್ಧ ಮನಸ್ಸು ಅರ್ಧವಾಗಿಯೇ ಇರಲಿ; ಕ್ಯಾಮೆರಾ, ಚಕ್ರ ಮತ್ತು ಒಂದು ಕಂಪ್ಯೂಟರಿಗೆ ಆಗುವಷ್ಟು ಹಣವನ್ನು ಮಾತ್ರ ಈಗ ಕೇಳಿ.

ಭಂಡಾರದಿಂದ ಮೊದಲು ತೆಗೆಯಬೇಕಾದ್ದು ಐಯೋಟಾ ಒರಾಯನಿಸ್ ನಕ್ಷತ್ರದ ಕಡತ. ಮಹಾವ್ಯಾಧನ ಕತ್ತಿಯ ತುದಿಯಲ್ಲಿ ಬರಿಗಣ್ಣಿಗೇ ಕಾಣುವ ಈ ತಾರೆ, ವಾಸ್ತವವಾಗಿ ಎರಡು ಭಾರೀ ನಕ್ಷತ್ರಗಳ ಜೋಡಿ. ಬಹಳ ಚಪ್ಪಟೆಯಾದ ಕಕ್ಷೆಯಲ್ಲಿ ಸುಮಾರು 29 ದಿನಗಳಿಗೊಮ್ಮೆ ಅವು ಹತ್ತಿರ ಬಂದಾಗ ಒಂದನ್ನೊಂದು ಎಳೆದು ವಿರೂಪಗೊಳಿಸುತ್ತವೆ. ಆಗ ಬೆಳಕಿನ ರೇಖೆ ಶೇಕಡಾ ಒಂದರಷ್ಟು ತಗ್ಗಿ ಉಬ್ಬಿ, ಇಸಿಜಿ ಕಾಗದದ ಮೇಲಿನ ಹೃದಯದ ಬಡಿತದಂತೆ ಕಾಣುತ್ತದೆ. ಇದನ್ನು ಪತ್ತೆಮಾಡಿದ್ದು ಬ್ರೈಟ್ ಅಳತೆಗಳೇ. ಕಚ್ಚಾ ಕಡತವನ್ನು ಹಾಗೆಯೇ ರೇಖಾಚಿತ್ರಕ್ಕಿಳಿಸಿದರೆ ಆ ಬಡಿತ ಗದ್ದಲದಲ್ಲಿ ಮುಳುಗಿರುವ ಸಂಭವವೇ ಹೆಚ್ಚು. ಪ್ರತಿ ಅಳತೆಯ ಪಕ್ಕದಲ್ಲಿ ಸಿಸಿಡಿಯ ಉಷ್ಣತೆ, ಚಿಪ್ಪಿನ ಮೇಲೆ ಚುಕ್ಕೆ ಬಿದ್ದ ಜಾಗ ಬರೆದಿರುತ್ತವೆ. ಇವೆರಡರ ಜೊತೆಗೆ ಅಳತೆ ಹೇಗೆ ಬದಲಾಗುತ್ತದೆಂದು ನೋಡಿ, ಆ ಪ್ರಭಾವವನ್ನು ಒಂದೊಂದಾಗಿ ಕಳೆಯಲು ವಿದ್ಯಾರ್ಥಿಗಳಿಗೆ ಹೇಳಿ, ನಂತರ ಎಲ್ಲ ಸುತ್ತುಗಳ ಅಳತೆಗಳೂ ಒಂದರ ಮೇಲೊಂದು ಬೀಳುವಂತೆ ರೇಖೆಯನ್ನು 29 ದಿನಗಳಿಗೆ ಮಡಿಚಲಿ. ಅದಕ್ಕೆ ಒಂದು ಸೆಮಿಸ್ಟರ್ ಬೇಕಾದೀತು.